ಶ್ವಾಸಮಾರ್ಗದ ತ್ರೀಡಿ ಚಿತ್ರ: ಬಣ್ಣದ ಪುಟವೂ ಬೂದುಬಣ್ಣದ ಸ್ಲೈಸುಗಳೂ

ಎದೆಯ ಸಿ.ಟಿ. ಸ್ಕ್ಯಾನ್‌ಗೆ ಬರುವ ಕೋರಿಕೆ ಚೀಟಿಗಳಲ್ಲಿ ಈಚಿನ ವರ್ಷಗಳಲ್ಲಿ ‘ತ್ರೀಡಿ ಮತ್ತು ವರ್ಚುವಲ್ ಬ್ರಾಂಕೋಸ್ಕೋಪಿ ಸಹಿತ’ ಎಂಬ ಸಾಲು ಹೆಚ್ಚಾಗಿ ಕಾಣಿಸುತ್ತಿದೆ. ಬ್ರಾಂಕೋಸ್ಕೋಪಿ ಎಂದರೆ ಶ್ವಾಸಮಾರ್ಗಕ್ಕೆ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ; ಆ ನೋಟವನ್ನು ಸ್ಕ್ಯಾನಿನಿಂದ ಕಂಪ್ಯೂಟರಿನಲ್ಲೇ ಕಟ್ಟಿದರೆ ಅದು ವರ್ಚುವಲ್. ರೋಗಿಯ ಬಾಯಿಗೋ ಮೂಗಿಗೋ ಯಾವ ಕೊಳವೆಯನ್ನೂ ಇಳಿಸದೆ, ಅರಿವಳಿಕೆ ಕೊಡದೆ, ಕೆಲವೇ ಸೆಕೆಂಡು ಉಸಿರು ಹಿಡಿಸಿ ತೆಗೆದ ಸ್ಕ್ಯಾನ್‌ನಿಂದ ಧ್ವನಿಪೆಟ್ಟಿಗೆಯಿಂದ ಹಿಡಿದು ಶ್ವಾಸಕೋಶದೊಳಗಿನ ಸಣ್ಣ ಕವಲುಗಳವರೆಗಿನ ದಾರಿಯನ್ನು ಪರದೆಯ ಮೇಲೆ ಹೊರಗಿನಿಂದಲೂ ಒಳಗಿನಿಂದಲೂ ನೋಡಬಹುದು. ಕ್ಯಾಮೆರಾವೊಂದು ಶ್ವಾಸನಾಳದೊಳಗೆ ತೇಲಿಕೊಂಡು ಹೋಗುತ್ತಿರುವಂತೆ ಕಾಣುವ ಆ ಗುಲಾಬಿ ಬಣ್ಣದ ಚಲನಚಿತ್ರವನ್ನು ಕಂಡ ಮನೆಯವರು ಬೆರಗಾಗುತ್ತಾರೆ, ಕೆಲವೊಮ್ಮೆ ಕಿರಿಯ ವೈದ್ಯರೂ ಬೆರಗಾಗುತ್ತಾರೆ. ಆದರೆ ಇಂತಹ ಸ್ಕ್ಯಾನ್‌ಗಳ ವರದಿ ಬರೆಯುವುದನ್ನೇ ಕಸುಬಾಗಿಸಿಕೊಂಡಿರುವ ನನ್ನಂತಹ ರೇಡಿಯಾಲಜಿಸ್ಟ್ ರೋಗವನ್ನು ಗುರುತಿಸುವುದು ಬಹುಪಾಲು ಆ ಬಣ್ಣದ ಚಿತ್ರದಲ್ಲಿ ಅಲ್ಲ. ಯಾರೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳದ ಬೂದುಬಣ್ಣದ ತೆಳು ಸ್ಲೈಸುಗಳಲ್ಲಿ, ಎಂದರೆ ದೇಹವನ್ನು ಬಿಲ್ಲೆ ಬಿಲ್ಲೆಯಾಗಿ ಸೀಳಿದಂತೆ ತೋರಿಸುವ ಚಿತ್ರಗಳಲ್ಲಿ. ಬಣ್ಣದ ಚಿತ್ರಕ್ಕೆ ಅದರದೇ ಆದ ಕೆಲಸವಿದೆ, ಅದು ಚಿಕ್ಕ ಕೆಲಸವೂ ಅಲ್ಲ. ಆದರೆ ಅದು ಬೇರೆ ಕೆಲಸ. ಈ ಎರಡರ ನಡುವಿನ ವ್ಯತ್ಯಾಸವನ್ನು ತುಸು ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಶ್ವಾಸಮಾರ್ಗದೊಳಗೆ ಇಣುಕುವ ಪ್ರಯತ್ನ ಹಳೆಯದು. 1897ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಗುಸ್ತಾಫ್ ಕಿಲಿಯನ್ ಎಂಬ ವೈದ್ಯರು ಗಟ್ಟಿ ಲೋಹದ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ, ರೈತನೊಬ್ಬನ ಬಲಗಡೆಯ ಕವಲುನಾಳದಲ್ಲಿ ಸಿಕ್ಕಿಕೊಂಡಿದ್ದ ಹಂದಿಮೂಳೆಯ ಚೂರನ್ನು ಹೊರತೆಗೆದರು. ಬ್ರಾಂಕೋಸ್ಕೋಪಿಯ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ. 1960ರ ದಶಕದಲ್ಲಿ ಜಪಾನಿನ ಶಿಗೆತೊ ಇಕೆಡಾ ಬಾಗುವ ಫೈಬರ್ ಬ್ರಾಂಕೋಸ್ಕೋಪನ್ನು ರೂಪಿಸಿದ ಮೇಲೆ ಈ ಪರೀಕ್ಷೆ ಎಷ್ಟೋ ಸುಲಭವಾಯಿತು. ಚಿತ್ರ ತೆಗೆಯುವ ಕಡೆಯ ಕಥೆ ಅಷ್ಟು ಹಿತವಾಗಿರಲಿಲ್ಲ. 1920ರ ದಶಕದಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೆ ಅಯೋಡಿನ್ ಬೆರೆತ ಲಿಪಿಯೋಡಾಲ್ ಎಂಬ ಎಣ್ಣೆಯನ್ನು ಶ್ವಾಸಮಾರ್ಗದೊಳಗೆ ಇಳಿಸಿ ಎಕ್ಸ್-ರೇ ತೆಗೆಯುವ ಬ್ರಾಂಕೋಗ್ರಫಿಯನ್ನು ಬಳಕೆಗೆ ತಂದರು. ಕವಲುಗಳ ನೆರಳು ಅದರಲ್ಲಿ ಸೊಗಸಾಗಿ ಮೂಡುತ್ತಿತ್ತು, ಆದರೆ ಮೊದಲೇ ಕೆಮ್ಮು ಕಫಗಳಿಂದ ಬಳಲುತ್ತಿದ್ದ ರೋಗಿಯ ಎದೆಯೊಳಗೆ ಎಣ್ಣೆ ಸುರಿಯುವ ಪರೀಕ್ಷೆ ಅದು. 1980ರ ದಶಕದಲ್ಲಿ ತೆಳು ಸ್ಲೈಸಿನ ಸಿ.ಟಿ. ಬಂದ ಮೇಲೆ ಅದು ಹಿಂದೆ ಸರಿಯಿತು, ಅದಕ್ಕಾಗಿ ಯಾರೂ ಮರುಗಿದಂತೆ ಕಾಣುವುದಿಲ್ಲ.

ಸಿ.ಟಿ. ಹುಟ್ಟಿದ ಕೂಡಲೇ ಶ್ವಾಸಮಾರ್ಗದ ಮೂರು ಆಯಾಮದ ಚಿತ್ರ ಸಾಧ್ಯವಾಗಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದಾಗ ಒಂದೊಂದು ಭಾಗಕ್ಕೂ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ತಲೆ ಅಲುಗದೆ ಇರಬಲ್ಲದು, ಎದೆ ಇರಲಾರದು. ಮುಂದಿನ ಯಂತ್ರಗಳು ವೇಗವಾದರೂ, ಒಂದು ಸ್ಲೈಸಿಗೆ ಒಮ್ಮೆ ಉಸಿರು ಹಿಡಿಸಿ, ಮೇಜನ್ನು ತುಸು ಸರಿಸಿ, ಮುಂದಿನ ಸ್ಲೈಸಿಗೆ ಮತ್ತೊಮ್ಮೆ ಹಿಡಿಸುವ ಕ್ರಮವಿದ್ದುದರಿಂದ, ಪ್ರತಿ ಸಲವೂ ಎದೆ ಬೇರೆ ಬೇರೆ ಮಟ್ಟಕ್ಕೆ ಹಿಗ್ಗಿ, ಒಂದರ ಮೇಲೊಂದು ಪೇರಿಸಿದ ಸ್ಲೈಸುಗಳು ಪರಸ್ಪರ ಹೊಂದುತ್ತಿರಲಿಲ್ಲ. 1989ರ ಸುಮಾರಿಗೆ ವಿಲ್ಲಿ ಕಾಲೆಂಡರ್ ಮತ್ತಿತರರ ಕೆಲಸದಿಂದ ಬಂದ ಸ್ಪೈರಲ್ ಸಿ.ಟಿ.ಯಲ್ಲಿ ಎಕ್ಸ್-ರೇ ಟ್ಯೂಬು ಸುತ್ತುತ್ತಿರುವಾಗಲೇ ಮೇಜೂ ನಿಲ್ಲದೆ ಸರಿಯುವುದರಿಂದ ಒಂದೇ ಉಸಿರಿನಲ್ಲಿ ಇಡೀ ಎದೆಯ ಮಾಹಿತಿ ದೊರೆಯುವಂತಾಯಿತು. 1998ರಲ್ಲಿ ಒಂದು ಸುತ್ತಿಗೆ ನಾಲ್ಕು ಸ್ಲೈಸು ತೆಗೆಯುವ ಯಂತ್ರಗಳು ಬಂದವು. ಇಂದು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲೂ ಅದಕ್ಕಿಂತ ಎಷ್ಟೋ ಪಾಲು ವೇಗದ ಯಂತ್ರಗಳಿವೆ. ವರ್ಚುವಲ್ ಬ್ರಾಂಕೋಸ್ಕೋಪಿ ಎಂಬ ಕಲ್ಪನೆ 1990ರ ದಶಕದ್ದು ಎಂಬುದು ಆಕಸ್ಮಿಕವಲ್ಲ: ಒಂದೇ ಉಸಿರಿನ ಸ್ಕ್ಯಾನ್ ಇಲ್ಲದೆ ಅದು ಹುಟ್ಟುವಂತಿರಲಿಲ್ಲ.

ಇನ್ನು ಚಿತ್ರ ಕಟ್ಟುವ ಬಗೆ. ಸ್ಕ್ಯಾನ್ ಮುಗಿದಾಗ ಕಂಪ್ಯೂಟರಿನಲ್ಲಿ ಇರುವುದು ಚಿತ್ರವಲ್ಲ, ಸಂಖ್ಯೆಗಳ ರಾಶಿ. ಎದೆಯನ್ನು ಸುಮಾರು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗಿನ ಪುಟ್ಟ ಘನಗಳಾಗಿ, ಅಂದರೆ ವಾಕ್ಸೆಲ್‌ಗಳಾಗಿ ಭಾಗ ಮಾಡಿ, ಪ್ರತಿಯೊಂದಕ್ಕೂ ಅದು ಎಕ್ಸ್-ರೇಯನ್ನು ಎಷ್ಟು ತಡೆಯಿತು ಎಂಬುದರ ಮೇಲೆ ಒಂದು ಅಂಕಿಯನ್ನು ಕೊಡಲಾಗಿರುತ್ತದೆ. ನೀರಿಗೆ 0, ಗಾಳಿಗೆ -1000, ಮಾಂಸಖಂಡ ಮತ್ತು ಗೋಡೆಗಳಿಗೆ 40–50ರ ಆಸುಪಾಸು, ಗಾಳಿ ತುಂಬಿದ ಶ್ವಾಸಕೋಶಕ್ಕೆ -850ರ ಸುಮಾರು. ಘನದ ಮೂರೂ ಬದಿಗಳು ಸಮನಾಗಿದ್ದರೆ ಯಾವ ದಿಕ್ಕಿನಿಂದ ಸೀಳಿ ನೋಡಿದರೂ ಚಿತ್ರ ಅಷ್ಟೇ ಸ್ಪಷ್ಟವಾಗಿರುತ್ತದೆ. ಮೂರು ಆಯಾಮದ ಚಿತ್ರಣದ ಅಡಿಪಾಯ ಇದೇ. ಇದರ ಮೇಲೆ ಕಂಪ್ಯೂಟರ್ ಶ್ವಾಸನಾಳದ ನಡುವೆ ಒಂದು ಬಿಂದುವಿನಿಂದ ಹೊರಟು, ‘ಇಂತಿಷ್ಟಕ್ಕಿಂತ ಕಡಿಮೆ ಅಂಕಿಯಿದ್ದರೆ ಅದು ಗಾಳಿ’ ಎಂಬ ಒಂದೇ ನಿಯಮದಿಂದ ಪಕ್ಕದ ಘನಗಳನ್ನು ಸೇರಿಸಿಕೊಳ್ಳುತ್ತಾ ಕವಲಿನಿಂದ ಕವಲಿಗೆ ಹರಿಯುತ್ತದೆ.

ತೊಡಕು ಇರುವುದು ಈ ‘ಇಂತಿಷ್ಟು’ ಎಂಬಲ್ಲಿ. ಬೇಸಿಗೆಯಲ್ಲಿ ನೀರು ಇಳಿಯುತ್ತಿರುವ ಕೆರೆಯ ಅಂಚು ಎಲ್ಲಿದೆ ಎಂದು ಕೇಳಿದರೆ, ನೀರು ನಿಂತಲ್ಲಿಗೋ ಕೆಸರು ಮುಗಿದಲ್ಲಿಗೋ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ನಾಳದ ಗಾಳಿ ಮತ್ತು ಗೋಡೆ ಸೇರುವ ಜಾಗದ ಘನಗಳೂ ಹಾಗೆಯೇ, ಅರ್ಧ ಗಾಳಿ ಅರ್ಧ ಗೋಡೆ. ಮಿತಿಯನ್ನು ಒಂದಿಷ್ಟು ಏರಿಸಿದರೆ ಕಂಪ್ಯೂಟರ್ ತೆಳುಗೋಡೆಯನ್ನು ದಾಟಿ ಶ್ವಾಸಕೋಶದೊಳಗೆ ಸೋರಿಹೋಗುತ್ತದೆ. ಇಳಿಸಿದರೆ ಸಣ್ಣ ಕವಲುಗಳು ಮೊಂಡಾಗಿ ನಿಲ್ಲುತ್ತವೆ, ಇರುವ ಕಿರಿದು ಭಾಗ ಇನ್ನೂ ಕಿರಿದಾಗಿ ತೋರುತ್ತದೆ. ಎಂದರೆ ಒಂದೇ ರೋಗಿಯ ಒಂದೇ ಸ್ಕ್ಯಾನಿನಿಂದ ಅರ್ಧ ಮುಚ್ಚಿದ ನಾಳವನ್ನೂ ಬಹುಪಾಲು ಮುಚ್ಚಿದ ನಾಳವನ್ನೂ ‘ತಯಾರಿಸಲು’ ಒಂದು ಗುಂಡಿ ಸಾಕು. ಈ ಕಾರಣಕ್ಕಾಗಿಯೇ ಬಣ್ಣದ ಚಿತ್ರದ ಮೇಲೆ ಸ್ಕೇಲು ಇಟ್ಟು ಅಳತೆ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಸಣ್ಣ ಕವಲುಗಳಲ್ಲಿ ಯಂತ್ರದ ಸೋಲು ಇನ್ನೂ ಸ್ಪಷ್ಟ. ಶ್ವಾಸನಾಳದಿಂದ ಗಾಳಿಗೂಡುಗಳವರೆಗೆ ಸುಮಾರು 23 ಬಾರಿ ದಾರಿ ಕವಲೊಡೆಯುತ್ತದೆ ಎಂದು ಎವಾಲ್ಡ್ ವೈಬೆಲ್ 1963ರಲ್ಲಿ ಕೊಟ್ಟ ಮಾದರಿಯನ್ನು ಇಂದಿಗೂ ಬಳಸುತ್ತೇವೆ, ಸಾಮಾನ್ಯ ಸಿ.ಟಿ.ಯಲ್ಲಿ ನಮಗೆ ಕಾಣುವುದು ಸುಮಾರು 2 ಮಿಲಿಮೀಟರ್ ವ್ಯಾಸದವರೆಗಿನ ಮೊದಲ ಕೆಲವು ಹಂತಗಳು ಮಾತ್ರ. ಕವಲುಗಳನ್ನು ತಾವಾಗಿ ಗುರುತಿಸುವ ತಂತ್ರಾಂಶಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸಿದ 2009ರ ಎಕ್ಸಾಕ್ಟ್ ಸ್ಪರ್ಧೆಯಲ್ಲಿ ಹದಿನೈದು ವಿಧಾನಗಳ ಪೈಕಿ ಯಾವುದೂ ಕವಲುಗಳ ಒಟ್ಟು ಉದ್ದದಲ್ಲಿ ಸರಾಸರಿ ಶೇ. 74ಕ್ಕಿಂತ ಹೆಚ್ಚನ್ನು ಹಿಡಿಯಲಿಲ್ಲ. ಈಗಿನ ಕೃತಕ ಬುದ್ಧಿಮತ್ತೆಯ ವಿಧಾನಗಳು ಅದಕ್ಕಿಂತ ಮುಂದೆ ಬಂದಿವೆ, ಆದರೂ ಚಿತ್ರದಲ್ಲಿ ಕವಲೊಂದು ಇಲ್ಲದಿದ್ದರೆ ಅದು ರೋಗದಿಂದ ಮುಚ್ಚಿದೆಯೋ ತಂತ್ರಾಂಶ ಬಿಟ್ಟಿದೆಯೋ ಎಂದು ಸ್ಲೈಸುಗಳಿಗೇ ಮರಳಿ ನೋಡಬೇಕು.

ಒಂದೇ ಸಂಖ್ಯಾರಾಶಿಯನ್ನು ನೋಡುವ ಬಗೆಗಳು ಹಲವು. ದೇಹದ ಅಡ್ಡ ಸ್ಲೈಸು ಎಲ್ಲಕ್ಕೂ ಮೂಲ. ಅದರಿಂದಲೇ ನೇರ, ಓರೆ ಅಥವಾ ನಾಳದ ಬಾಗನ್ನೇ ಅನುಸರಿಸುವ ವಕ್ರ ಸೀಳುಗಳನ್ನು ಕಟ್ಟಬಹುದು; ನನ್ನ ದಿನನಿತ್ಯದ ಕೆಲಸ ಹೆಚ್ಚಾಗಿ ನಡೆಯುವುದು ಇವುಗಳಲ್ಲೇ. ಅಡ್ಡ ಸ್ಲೈಸುಗಳಲ್ಲಿ ಒಂದು ದೌರ್ಬಲ್ಯವಿದೆ: ನಾಳಕ್ಕೆ ಅಡ್ಡಲಾಗಿ ತೆಳುಪೊರೆಯಂತೆ ಬೆಳೆದ ಕಿರಿದಾದ ತಡೆ ಒಂದೆರಡು ಸ್ಲೈಸುಗಳಲ್ಲಿ ಬಂದು ಹೋಗಿಬಿಡುತ್ತದೆ, ಕಣ್ಣು ತಪ್ಪಿಸಬಹುದು, ಅದರ ಮೇಲುಕೆಳಗಿನ ಉದ್ದವೂ ಸರಿಯಾಗಿ ಅಂದಾಜಿಗೆ ಸಿಗುವುದಿಲ್ಲ. ಉದ್ದ ಸೀಳಿನಲ್ಲಿ ಅದು ತಟ್ಟನೆ ಕಾಣುತ್ತದೆ. ದಪ್ಪ ಪದರವೊಂದರಲ್ಲಿ ಅತಿ ಕಡಿಮೆ ಅಂಕಿಯ ಘನಗಳನ್ನಷ್ಟೇ ತೋರಿಸುವ ಮಿನಿಪ್ ಎಂಬ ವಿಧಾನದಲ್ಲಿ ಗಾಳಿ ತುಂಬಿದ ಇಡೀ ಶ್ವಾಸಮಾರ್ಗ ಕಪ್ಪಗೆ ಒಂದೇ ನೋಟಕ್ಕೆ ಸಿಗುತ್ತದೆ, ಶಸ್ತ್ರವೈದ್ಯರಿಗೆ ಅದು ಬಲು ಇಷ್ಟ. ಆದರೆ ನಾಳದೊಳಗಿನ ಸಣ್ಣ ಗಂಟಿನ ಸುತ್ತ ಗಾಳಿಯಿದ್ದರೆ ಆ ಗಾಳಿಯ ಕಪ್ಪೇ ಗಂಟನ್ನು ನುಂಗಿಬಿಡುತ್ತದೆ. ವಾಲ್ಯೂಮ್ ರೆಂಡರಿಂಗ್ ಹೊರಮೈಯನ್ನು ಕೊಡುತ್ತದೆ, ವರ್ಚುವಲ್ ಬ್ರಾಂಕೋಸ್ಕೋಪಿ ಒಳಮೈಯನ್ನು. ಎರಡೂ ಕೊಡುವುದು ಮೈಯನ್ನು ಮಾತ್ರ, ಗೋಡೆಯ ದಪ್ಪವನ್ನಲ್ಲ.

ಗೋಡೆಯ ಮಾತು ಎಷ್ಟು ಮುಖ್ಯ ಎಂಬುದಕ್ಕೆ ಶ್ವಾಸನಾಳದ ರಚನೆಯನ್ನೇ ನೋಡಬಹುದು. ವಯಸ್ಕರಲ್ಲಿ 10ರಿಂದ 12 ಸೆಂಟಿಮೀಟರ್ ಉದ್ದದ ಈ ನಾಳಕ್ಕೆ ಮುಂದೆ ಮತ್ತು ಬದಿಗಳಲ್ಲಿ ಕುದುರೆ ಲಾಳದ ಆಕಾರದ ಹದಿನಾರರಿಂದ ಇಪ್ಪತ್ತು ಮೃದ್ವಸ್ಥಿಗಳ ಆಸರೆ, ಹಿಂದೆ ಅನ್ನನಾಳಕ್ಕೆ ತಾಗಿಕೊಂಡಿರುವಲ್ಲಿ ಬರೀ ಮೆತ್ತನೆಯ ಪೊರೆ. ಮೃದ್ವಸ್ಥಿಗಳನ್ನೇ ಹಿಡಿಯುವ ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್ ಎಂಬ ಕಾಯಿಲೆಯಲ್ಲಿ ಮುಂದಿನ ಮತ್ತು ಬದಿಯ ಗೋಡೆ ದಪ್ಪವಾಗಿ ಹಿಂದಿನ ಪೊರೆ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಅಮಿಲಾಯ್ಡ್ ಎಂಬ ಅಸಹಜ ಪ್ರೋಟೀನು ಗೋಡೆಯಲ್ಲಿ ಶೇಖರವಾದಾಗ ಹಿಂದಿನ ಪೊರೆಯೂ ಸೇರಿ ಸುತ್ತಲೂ ದಪ್ಪವಾಗಬಹುದು. ಒಳಗಿನಿಂದ ನೋಡುವ ಬಣ್ಣದ ಚಿತ್ರದಲ್ಲಿ ಎರಡೂ ಒಂದೇ ರೀತಿ ಕಿರಿದಾದ ಸುರಂಗಗಳು. ಹಿಂದಿನ ಪೊರೆ ಉಳಿದಿದೆಯೋ ಇಲ್ಲವೋ ಎಂಬ ಒಂದು ಅಡ್ಡ ಸ್ಲೈಸಿನ ಸಂಗತಿ ರೋಗದ ಪಟ್ಟಿಯನ್ನೇ ಬದಲಿಸುತ್ತದೆ, ಅದು ಕಾಣಲು ಬೂದುಬಣ್ಣವೇ ಬೇಕು.

ಇಷ್ಟೆಲ್ಲ ಯಂತ್ರ, ತಂತ್ರಾಂಶಗಳ ಮಾತಿನ ನಡುವೆ ಮರೆತುಹೋಗುವ ಸಂಗತಿ ಉಸಿರು. ಶ್ವಾಸನಾಳ ನಿಶ್ಚಲವಾದ ಕೊಳವೆಯಲ್ಲ. ಉಸಿರು ಎಳೆದಾಗ ಹಿಗ್ಗುತ್ತದೆ, ಬಿಟ್ಟಾಗ ಹಿಂದಿನ ಪೊರೆ ಒಳಕ್ಕೆ ಬಾಗಿ ಕುಗ್ಗುತ್ತದೆ. ಮೃದ್ವಸ್ಥಿ ಸಡಿಲವಾದವರಲ್ಲಿ, ದೀರ್ಘಕಾಲದ ದಮ್ಮಿನವರಲ್ಲಿ ಈ ಕುಗ್ಗುವಿಕೆ ಅತಿಯಾಗಿ, ಉಸಿರು ಬಿಡುವಾಗ ದಾರಿ ಹೆಚ್ಚುಕಡಿಮೆ ಮುಚ್ಚಿಕೊಳ್ಳುವುದುಂಟು. ಪೂರ್ತಿ ಉಸಿರೆಳೆದು ತೆಗೆದ ಸ್ಕ್ಯಾನಿನಲ್ಲಿ ಅಂತಹವರ ನಾಳ ಅಚ್ಚುಕಟ್ಟಾಗಿಯೇ ಕಾಣಬಹುದು. ಎಷ್ಟು ಚಂದದ ತ್ರೀಡಿ ಕಟ್ಟಿದರೂ ತೆಗೆಯದೇ ಹೋದ ಉಸಿರಿನ ಹಂತ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಇಂತಹ ಅನುಮಾನವಿದ್ದಾಗ ಎರಡು ಸ್ಕ್ಯಾನ್ ಬೇಕು: ಒಂದು ಉಸಿರು ತುಂಬಿಕೊಂಡಾಗ, ಇನ್ನೊಂದು ಜೋರಾಗಿ ಊದುತ್ತಿರುವಾಗಲೇ. ಊದಿ ಮುಗಿಸಿ ಸುಮ್ಮನೆ ನಿಂತ ಮೇಲೆ ತೆಗೆದರೆ ಕುಸಿತದ ಪೂರ್ಣ ಪ್ರಮಾಣ ಸಿಗುವುದಿಲ್ಲ.

ಇಲ್ಲಿ ತಂತ್ರಜ್ಞರ ಮಾತುಗಾರಿಕೆ ಯಂತ್ರದ ಸ್ಲೈಸುಗಳ ಸಂಖ್ಯೆಗಿಂತ ದೊಡ್ಡದು. ಯಂತ್ರದೊಳಗಿನ ಮುದ್ರಿತ ಧ್ವನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆಜ್ಞೆ ಕೊಟ್ಟರೆ, ಹಳ್ಳಿಯಿಂದ ಬಂದ ಹಿರಿಯರೊಬ್ಬರು ಗಾಬರಿಯಿಂದ ಉಸಿರನ್ನು ಎಳೆಯುವುದೂ ಇಲ್ಲ, ಬಿಡುವುದೂ ಇಲ್ಲ. ‘ಯಜ್ಜಾ, ಉಸುರು ಜಗ್ಗಿ ಹಿಡೀರಿ... ಈಗ ಜೋರ್ ಊದ್ರಿ, ಊದಕೋತ ಇರ್ರಿ, ನಿಲ್ಲಸಬ್ಯಾಡ್ರಿ’ ಎಂದು ಅವರದೇ ಮಾತಿನಲ್ಲಿ, ಸ್ಕ್ಯಾನಿಗೆ ಮೊದಲೇ ಮೇಜಿನ ಪಕ್ಕ ನಿಂತು ಎರಡು ಸಲ ಅಭ್ಯಾಸ ಮಾಡಿಸಿದ ತಂತ್ರಜ್ಞ ತೆಗೆದ ಸ್ಕ್ಯಾನಿಗೂ, ಗುಂಡಿ ಒತ್ತಿ ಸುಮ್ಮನೆ ಕುಳಿತವನ ಸ್ಕ್ಯಾನಿಗೂ ಇರುವ ಅಂತರ ವರದಿ ಬರೆಯುವವರಿಗೆ ಮೊದಲ ನೋಟದಲ್ಲೇ ತಿಳಿಯುತ್ತದೆ. ಉಸಿರು ಬಿಡುವ ಹಂತದಲ್ಲಿ ಶ್ವಾಸನಾಳದ ಹಿಂದಿನ ಪೊರೆ ನೇರವಾಗಿಯೋ ಮುಂದಕ್ಕೆ ಬಾಗಿಯೋ ಇರಬೇಕು. ಹಿಂದಕ್ಕೆ ಉಬ್ಬಿ ನಾಳ ದುಂಡಗೆ ಕಂಡರೆ ರೋಗಿ ಊದಿಯೇ ಇಲ್ಲ ಎಂದು ಲೆಕ್ಕ.

ಊದಿದಾಗ ಎಷ್ಟು ಕುಸಿದರೆ ರೋಗ? ಬಹುಕಾಲ ಪುಸ್ತಕಗಳಲ್ಲಿದ್ದ ಉತ್ತರ ಶೇ. 50. 2009ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಯಾವ ತೊಂದರೆಯೂ ಇಲ್ಲದ ಆರೋಗ್ಯವಂತ ಸ್ವಯಂಸೇವಕರನ್ನೇ ಜೋರಾಗಿ ಊದಿಸಿ ಸಿ.ಟಿ. ತೆಗೆದಾಗ ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಈ ಗೆರೆಯನ್ನು ದಾಟಿದರು. ಎಂದರೆ ಆ ಗೆರೆಯ ಪ್ರಕಾರ ಆರೋಗ್ಯವಂತರಲ್ಲಿ ಬಹುಪಾಲು ಮಂದಿ ರೋಗಿಗಳು. ಅಲ್ಲಿಂದೀಚೆಗೆ ಶೇ. 70, ಇನ್ನೂ ಕೆಲವರು ಶೇ. 80 ಎನ್ನುತ್ತಾರೆ, ನನ್ನ ಮಟ್ಟಿಗೆ ಅಂಕಿಯೊಂದನ್ನೇ ಹಿಡಿದು ರೋಗದ ಹೆಸರು ಬರೆಯುವುದು ಸರಿಯಲ್ಲ, ರೋಗಿಯ ಕೆಮ್ಮು, ಏದುಸಿರು, ಮತ್ತೆ ಮತ್ತೆ ಬರುವ ಸೋಂಕುಗಳ ಜೊತೆಗಿಟ್ಟು ನೋಡಬೇಕು.

ಮೂರು ಆಯಾಮದ ಚಿತ್ರಣ ನಿಜವಾಗಿ ತನ್ನ ಬೆಲೆಯನ್ನು ತೋರಿಸುವ ಜಾಗ ವೆಂಟಿಲೇಟರಿನ ನಂತರದ ಶ್ವಾಸನಾಳದ ಸಂಕೋಚ ಎಂದು ನನಗೆ ಅನ್ನಿಸುತ್ತದೆ. ಗಂಟಲಿನ ಟ್ಯೂಬು ಅಲುಗದಂತೆ, ಗಾಳಿ ಸೋರದಂತೆ ಅದರ ತುದಿಯಲ್ಲಿರುವ ಪುಟ್ಟ ಬಲೂನಿನಂತಹ ಕಫ್ ಒಳಗೋಡೆಯನ್ನು ಒತ್ತಿಕೊಂಡಿರುತ್ತದೆ. ಆ ಒತ್ತಡ ಲೋಳೆಪೊರೆಯ ಸೂಕ್ಷ್ಮ ರಕ್ತನಾಳಗಳ ಒತ್ತಡವನ್ನು ಮೀರಿ ದಿನಗಟ್ಟಲೆ ಉಳಿದರೆ ಅಲ್ಲಿಗೆ ರಕ್ತ ಹೋಗದೆ ಹುಣ್ಣಾಗಿ, ವಾಸಿಯಾಗುವಾಗ ಗಾಯದ ಕಲೆ ಉಂಗುರದಂತೆ ಬಿಗಿದುಕೊಳ್ಳುತ್ತದೆ. ಐ.ಸಿ.ಯು.ಗಳಲ್ಲಿ ಕಫ್‌ನ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದೊಳಗೆ ಇಡಲು ಹೇಳುವುದು ಇದಕ್ಕಾಗಿಯೇ. ಮನೆಗೆ ಹೋಗಿ ಕೆಲವು ವಾರಗಳಾದ ಮೇಲೆ ಏದುಸಿರು, ಉಸಿರೆಳೆಯುವಾಗ ಸೀಟಿಯಂತಹ ಸದ್ದು ಶುರುವಾಗುತ್ತದೆ; ಎಷ್ಟೋ ಮಂದಿಗೆ ಅಸ್ತಮಾ ಎಂದುಕೊಂಡು ಇನ್ಹೇಲರ್ ಕೊಡಲಾಗಿರುತ್ತದೆ. ನಾಳದ ವ್ಯಾಸ ಸುಮಾರು 8 ಮಿಲಿಮೀಟರಿಗಿಂತ ಕಡಿಮೆಯಾಗುವವರೆಗೆ ದುಡಿಮೆಯಲ್ಲೂ ತೊಂದರೆ ಅಷ್ಟಾಗಿ ತೋರದಿರಬಹುದು, 5 ಮಿಲಿಮೀಟರಿನ ಆಸುಪಾಸಿಗೆ ಬಂದಾಗ ಕುಳಿತಲ್ಲೇ ಕಷ್ಟವಾಗುತ್ತದೆ. ಕೋವಿಡ್‌ನ ಅಲೆಗಳಲ್ಲಿ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದು ಬದುಕುಳಿದವರಲ್ಲಿ ಈ ತೊಂದರೆ ಜಗತ್ತಿನ ಹಲವೆಡೆಗಳಿಂದ ವರದಿಯಾಯಿತು.

ಇಂತಹ ರೋಗಿಯಲ್ಲಿ ಶಸ್ತ್ರವೈದ್ಯರಿಗೆ ಬೇಕಾದ ಉತ್ತರಗಳು ಬಹಳ ಖಚಿತವಾದವು. ಸಂಕೋಚ ಧ್ವನಿತಂತುಗಳಿಂದ ಎಷ್ಟು ಕೆಳಗಿದೆ, ಎಷ್ಟು ಉದ್ದವಿದೆ, ಅದರ ಕೆಳಗೆ ಎಡ–ಬಲ ಕವಲು ಒಡೆಯುವ ಜಾಗದವರೆಗೆ ಆರೋಗ್ಯವಾದ ನಾಳ ಎಷ್ಟು ಉಳಿದಿದೆ, ಗಾಯದ ಕಲೆ ಒಳಪೊರೆಗಷ್ಟೇ ಸೀಮಿತವೋ ಮೃದ್ವಸ್ಥಿಯೂ ಕುಸಿದಿದೆಯೋ. ತೆಳುಪೊರೆಯ ತಡೆಯಾದರೆ ಬ್ರಾಂಕೋಸ್ಕೋಪಿನಲ್ಲೇ ಹಿಗ್ಗಿಸಿ ನೋಡಬಹುದು. ಉದ್ದವಾಗಿ ಮೃದ್ವಸ್ಥಿಯೂ ಹಾಳಾಗಿದ್ದರೆ ಆ ತುಂಡನ್ನು ಕತ್ತರಿಸಿ ಎರಡು ತುದಿಗಳನ್ನು ಜೋಡಿಸಬೇಕು, ವಯಸ್ಕರಲ್ಲಿ ಹಾಗೆ ತೆಗೆಯಬಹುದಾದ ಮಿತಿ ಹೆಚ್ಚೆಂದರೆ ನಾಳದ ಅರ್ಧದಷ್ಟು. ಬ್ರಾಂಕೋಸ್ಕೋಪು ಇಂತಹ ಬಿಗಿಯಾದ ಜಾಗವನ್ನು ದಾಟಲಾರದು, ಬಲವಂತದಿಂದ ದಾಟಿಸಿದರೆ ಇರುವ ದಾರಿಯೂ ಊದಿಕೊಂಡು ಮುಚ್ಚಬಹುದು, ಸಿ.ಟಿ.ಗೆ ತಡೆಯ ಆಚೆಯೂ ಈಚೆಯೂ ಒಂದೇ. ಈ ಅಳತೆಗಳನ್ನೆಲ್ಲ ನಾನು ವಕ್ರ ಸೀಳಿನಲ್ಲಿ ತೆಗೆಯುತ್ತೇನೆ. ಆಮೇಲೆ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು ಒಟ್ಟಿಗೆ ಕುಳಿತಾಗ ಬಣ್ಣದ ಚಿತ್ರ ತೆರೆಯುತ್ತೇನೆ, ಆಗ ಅದರ ಬೆಲೆ ತಿಳಿಯುತ್ತದೆ: ಯಾವ ಗಾತ್ರದ ಟ್ಯೂಬು, ಎಲ್ಲಿಯವರೆಗೆ, ಸಿದ್ಧತೆ ಏನು ಎಂಬ ಮಾತುಕತೆ ನನ್ನ ಎರಡು ಪುಟದ ವರದಿಗಿಂತ ಬೇಗ ಆ ಚಿತ್ರದ ಮೇಲೆ ಮುಗಿಯುತ್ತದೆ. ದೊಡ್ಡ ಗಳಗಂಡ ಎದೆಯೊಳಗೆ ಇಳಿದು ಶ್ವಾಸನಾಳವನ್ನು ಒಂದು ಪಕ್ಕಕ್ಕೆ ತಳ್ಳಿ ಚಪ್ಪಟೆ ಮಾಡಿರುವವರ ಶಸ್ತ್ರಚಿಕಿತ್ಸೆಗೂ ಇದೇ ಮಾತು. ರೋಗಿಗೆ ವಿವರಿಸಿ ಒಪ್ಪಿಗೆ ಪಡೆಯುವಾಗಲೂ ಬಣ್ಣದ ಪುಟದಷ್ಟು ನೆರವಾಗುವ ಇನ್ನೊಂದು ಸಾಧನ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ನಾಳದ ಗೋಡೆಗೆ ಅಂಟಿದ ಕಫದ ಮುದ್ದೆ ಸಿ.ಟಿ.ಯಲ್ಲಿ ಗಂಟಿನಂತೆಯೂ ಸಂಕೋಚದಂತೆಯೂ ನಟಿಸುತ್ತದೆ. ಒಳಗೆ ಗಾಳಿಗುಳ್ಳೆಗಳಿದ್ದರೆ, ಕೆಳಮೈಗೆ ಜಾರಿ ಕುಳಿತಿದ್ದರೆ ಕಫ ಎನ್ನಬಹುದು. ಅನುಮಾನ ಉಳಿದರೆ ರೋಗಿಯನ್ನು ಚೆನ್ನಾಗಿ ಕೆಮ್ಮಿಸಿ ಅಷ್ಟೇ ಭಾಗವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡುವುದು ಸರಳ ಉಪಾಯ.

ಮಕ್ಕಳ ವಿಷಯ ಬೇರೆಯೇ. ಆಟವಾಡುತ್ತಾ ತಿನ್ನುವ ಮಗು ಕಡಲೆಕಾಯಿ ಬೀಜವನ್ನೋ ಕಡಲೆಯನ್ನೋ ಹುಣಸೆಬೀಜವನ್ನೋ ಉಸಿರಿನ ದಾರಿಗೆ ಎಳೆದುಕೊಳ್ಳುವುದು ನಮ್ಮ ಕಡೆ ಅಪರೂಪವಲ್ಲ. ಇಂತಹ ಕಾಳುಗಳು ಎಕ್ಸ್-ರೇಯಲ್ಲಿ ಕಾಣುವುದಿಲ್ಲ; ಕಾಣುವುದು ಅವುಗಳ ಪರಿಣಾಮ ಮಾತ್ರ, ಆ ಕಡೆಯ ಶ್ವಾಸಕೋಶ ಗಾಳಿ ಹಿಡಿದುಕೊಂಡು ಉಬ್ಬಿರುವುದು ಅಥವಾ ಕುಸಿದಿರುವುದು. ಕೆಲವೊಮ್ಮೆ ಅದೂ ಇರುವುದಿಲ್ಲ. ಸಿ.ಟಿ.ಯಲ್ಲಿ ಕವಲುನಾಳದೊಳಗಿನ ಚೂರು ನೇರವಾಗಿಯೇ ಕಾಣುತ್ತದೆ. ಯಾವ ಕಡೆ, ಎಷ್ಟು ಆಳದಲ್ಲಿ ಎಂದು ಶಸ್ತ್ರವೈದ್ಯರಿಗೆ ಮೊದಲೇ ತಿಳಿಯುತ್ತದೆ. ಹಾಗೆಂದು ಎಲ್ಲ ಮಕ್ಕಳಿಗೂ ಸಿ.ಟಿ. ಬೇಕೆಂದಲ್ಲ. ತಿನ್ನುವಾಗ ಒಮ್ಮೆಲೇ ಉಸಿರು ಕಟ್ಟಿ ಕೆಮ್ಮಿದ್ದನ್ನು ತಾಯಿ ಕಣ್ಣಾರೆ ಕಂಡಿದ್ದು, ಒಂದು ಕಡೆಯ ಉಸಿರಿನ ಸದ್ದು ಕಡಿಮೆಯಾಗಿದ್ದರೆ ಗಟ್ಟಿ ಬ್ರಾಂಕೋಸ್ಕೋಪಿಗೇ ಹೋಗಬೇಕು, ಏಕೆಂದರೆ ಚೂರನ್ನು ತೆಗೆಯುವುದು ಹೇಗೂ ಅದರಿಂದಲೇ. ಸ್ಕ್ಯಾನಿನ ನೆಪದಲ್ಲಿ ತಡ ಮಾಡುವುದು ಅಪಾಯ. ಘಟನೆ ಸ್ಪಷ್ಟವಿಲ್ಲದೆ, ವಾರಗಳಿಂದ ವಾಸಿಯಾಗದ ಕೆಮ್ಮು, ಒಂದೇ ಜಾಗದಲ್ಲಿ ಮರುಕಳಿಸುವ ನ್ಯುಮೋನಿಯಾ ಇದ್ದಾಗ ಕಡಿಮೆ ವಿಕಿರಣದ ಸಿ.ಟಿ. ಬೇಡದ ಅರಿವಳಿಕೆಯನ್ನು ತಪ್ಪಿಸಬಲ್ಲದು. ಹುಟ್ಟಿನಿಂದಲೇ ಇರುವ ದೋಷಗಳಲ್ಲಿ, ಉದಾಹರಣೆಗೆ ಮಹಾಪಧಮನಿ ಎರಡಾಗಿ ಶ್ವಾಸನಾಳ ಮತ್ತು ಅನ್ನನಾಳವನ್ನು ಸುತ್ತುವರಿದಾಗ, ರಕ್ತನಾಳಗಳು ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ತ್ರೀಡಿ ಚಿತ್ರದಲ್ಲಿ ರಕ್ತನಾಳವೂ ಉಸಿರಿನ ದಾರಿಯೂ ಒಟ್ಟಿಗೆ ಕಾಣುವುದರಿಂದ ಬಣ್ಣದ ಚಿತ್ರವೇ ಎಲ್ಲಕ್ಕಿಂತ ಮೇಲು ಎಂದು ನಾನೂ ಒಪ್ಪುತ್ತೇನೆ. ಅಡ್ಡ ಸ್ಲೈಸುಗಳನ್ನು ಮನಸ್ಸಿನಲ್ಲೇ ಜೋಡಿಸಿ ಆ ಸುತ್ತನ್ನು ಊಹಿಸುವುದು ಪಳಗಿದವರಿಗೂ ಕಷ್ಟ.

ಮಕ್ಕಳ ಶ್ವಾಸಮಾರ್ಗದ ಚಿತ್ರದಿಂದ ನೇರವಾಗಿ ಚಿಕಿತ್ಸೆಯೇ ಹುಟ್ಟಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 2012ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಗ್ಲೆನ್ ಗ್ರೀನ್ ಮತ್ತು ಸ್ಕಾಟ್ ಹಾಲಿಸ್ಟರ್ ಅವರು, ಕವಲುನಾಳ ಪದೇ ಪದೇ ಕುಸಿದು ಉಸಿರು ನಿಲ್ಲುತ್ತಿದ್ದ ಕೆಲವೇ ತಿಂಗಳ ಮಗುವಿನ ಸಿ.ಟಿ.ಯ ಅಳತೆಗೆ ತಕ್ಕಂತೆ, ದೇಹದಲ್ಲಿ ನಿಧಾನವಾಗಿ ಕರಗುವ ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಿಂದ ಆಸರೆಯ ತೋಳೊಂದನ್ನು ತ್ರೀಡಿ ಮುದ್ರಿಸಿ ನಾಳದ ಹೊರಗಿನಿಂದ ಹೊಲಿದರು. ಮುಂದಿನ ವರ್ಷ ಅದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು.

ವಿಕಿರಣದ ಲೆಕ್ಕವನ್ನು ರೋಗಿಗಳು ಕೇಳುತ್ತಾರೆ, ಕೇಳಬೇಕು ಕೂಡ. ಎದೆಯ ಒಂದು ಸಾಮಾನ್ಯ ಎಕ್ಸ್-ರೇಗೆ ಹೆಚ್ಚೆಂದರೆ 0.1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಮಾಮೂಲಿ ಎದೆಯ ಸಿ.ಟಿ.ಗೆ 5ರಿಂದ 7, ಕಡಿಮೆ ವಿಕಿರಣದ ಕ್ರಮದಲ್ಲಿ 1.5ರ ಸುಮಾರು, ಜಗತ್ತಿನಲ್ಲಿ ಒಬ್ಬ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ ಸರಾಸರಿ 2.4. ಗಾಳಿಗೂ ಗೋಡೆಗೂ ಅಂಕಿಯ ಅಂತರ ಬಹಳ ದೊಡ್ಡದಾದ್ದರಿಂದ ಶ್ವಾಸಮಾರ್ಗವನ್ನಷ್ಟೇ ನೋಡಲು ಕಡಿಮೆ ವಿಕಿರಣ ಸಾಕಾಗುತ್ತದೆ, ಚಿತ್ರ ತುಸು ಕಾಳುಕಾಳಾಗಿದ್ದರೂ ಅಡ್ಡಿಯಿಲ್ಲ. ಉಸಿರು ಬಿಡುವ ಹಂತದ ಎರಡನೆಯ ಸ್ಕ್ಯಾನನ್ನು ಈ ಕ್ರಮದಲ್ಲೇ ತೆಗೆಯಬೇಕು. ವರ್ಚುವಲ್ ಬ್ರಾಂಕೋಸ್ಕೋಪಿಗೆಂದು ಪ್ರತ್ಯೇಕ ಸ್ಕ್ಯಾನ್ ಬೇಕಾಗಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಈಗಾಗಲೇ ತೆಗೆದ ತೆಳು ಸ್ಲೈಸುಗಳಿದ್ದರೆ ಅವುಗಳಿಂದಲೇ ಅದನ್ನು ಕಟ್ಟಬಹುದು.

ವಿಕಿರಣವೇ ಇಲ್ಲದ ದಾರಿಗಳೂ ತೆರೆಯುತ್ತಿವೆ. ಗಾಳಿ ತುಂಬಿದ ಶ್ವಾಸಕೋಶ ಎಂ.ಆರ್.ಐ.ಗೆ ಒಗ್ಗದ ಅಂಗವೆಂದೇ ಹೆಸರಾಗಿದ್ದರೂ ಹೊಸ ಕ್ರಮಗಳಿಂದ ದೊಡ್ಡ ನಾಳಗಳು ಈಗ ಕಾಣುತ್ತಿವೆ. ವಿಶೇಷವಾಗಿ ಸಿದ್ಧಪಡಿಸಿದ ಕ್ಸೆನಾನ್-129 ಅನಿಲವನ್ನು ಉಸಿರಾಡಿಸಿ, ಗಾಳಿ ಎಲ್ಲೆಲ್ಲಿ ತಲುಪಿತು ಎಂಬುದನ್ನು ಎಂ.ಆರ್.ಐ.ಯಲ್ಲಿ ತೋರಿಸುವ ವಿಧಾನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2022ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು. ದಂತವೈದ್ಯರ ಬಳಿಯಿರುವ ಕೋನ್ ಬೀಮ್ ಸಿ.ಟಿ.ಯಿಂದ ಗಂಟಲಿನ ಗಾತ್ರವನ್ನು ಅಳೆದು ಗೊರಕೆಯ ಕಾಯಿಲೆ ಇದೆಯೆಂದು ಹೇಳುವ ಪರಿಪಾಠದ ಬಗ್ಗೆ ಮಾತ್ರ ನನಗೆ ತಕರಾರಿದೆ: ಎಚ್ಚರವಾಗಿ, ಬಹುಪಾಲು ಕುಳಿತೋ ನಿಂತೋ ಇರುವವರ ಗಂಟಲಿನ ಚಿತ್ರ, ಮಲಗಿ ನಿದ್ದೆಹೋದವರ ಗಂಟಲು ಹೇಗೆ ಕುಸಿಯುತ್ತದೆ ಎಂಬುದನ್ನು ಹೇಳಲಾರದು, ಅದಕ್ಕೆ ನಿದ್ದೆಯ ಪರೀಕ್ಷೆಯೇ ಬೇಕು. ಇತ್ತ ಸಿ.ಟಿ.ಯಲ್ಲೇ ದೊಡ್ಡ ಹೆಜ್ಜೆಯೆಂದರೆ 2021ರಲ್ಲಿ ರೋಗಿಗಳ ಬಳಕೆಗೆ ಬಂದ, ಎಕ್ಸ್-ರೇಯ ಒಂದೊಂದು ಕಣವನ್ನೂ, ಅಂದರೆ ಫೋಟಾನನ್ನು, ಎಣಿಸುವ ಯಂತ್ರ, ಸುಮಾರು 0.2 ಮಿಲಿಮೀಟರಿನಷ್ಟು ಸೂಕ್ಷ್ಮ ವಿವರವನ್ನು ಅದು ತೋರಬಲ್ಲದಾದ್ದರಿಂದ ಇನ್ನೂ ಒಳಗಿನ ಕವಲುಗಳು ಕಾಣಸಿಗುತ್ತವೆ.

ಅಸ್ತಮಾ ಮತ್ತು ಸಿ.ಒ.ಪಿ.ಡಿ. (ಶ್ವಾಸಮಾರ್ಗ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಲ್ಲಿ ನಾಳದ ಗೋಡೆಯನ್ನು ಅಳೆಯುವ, ಕಫದಿಂದ ಮುಚ್ಚಿದ ಕವಲುಗಳನ್ನು ಎಣಿಸುವ ಸಂಶೋಧನೆ ಈಗ ಬಿರುಸಾಗಿದೆ. ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ನಾಳಗಳು ಹುಟ್ಟಿನಿಂದಲೋ ಬೆಳವಣಿಗೆಯಿಂದಲೋ ಕಿರಿದಾಗಿರುವವರಿಗೆ, ಸಿಗರೇಟು ಸೇದದಿದ್ದರೂ, ವಯಸ್ಸಾದ ಮೇಲೆ ಸಿ.ಒ.ಪಿ.ಡಿ. ಬರುವ ಸಂಭವ ಹೆಚ್ಚು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ದಿನನಿತ್ಯದ ವರದಿಗಳಿಗೆ ಇದು ಇನ್ನೂ ಇಳಿದಿಲ್ಲ.

ಕೊಳವೆ ಇಳಿಸುವ ನಿಜವಾದ ಬ್ರಾಂಕೋಸ್ಕೋಪಿಯನ್ನು ಇದು ಬದಲಿಸುತ್ತದೆಯೇ ಎಂದು ಕೇಳಿದರೆ, ಇಲ್ಲ. ವರ್ಚುವಲ್ ಚಿತ್ರದ ಗುಲಾಬಿ ಬಣ್ಣ ತಂತ್ರಾಂಶ ಬಳಿದದ್ದು. ಲೋಳೆಪೊರೆ ಕೆಂಪಾಗಿದೆಯೋ, ಬಿಳಿಚಿದೆಯೋ, ರಕ್ತ ಜಿನುಗುತ್ತಿದೆಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಕ್ಷಯದಿಂದ ಕಿರಿದಾದ ಕವಲುನಾಳವನ್ನು ಸಿ.ಟಿ. ಚೆನ್ನಾಗಿ ತೋರಿಸಬಹುದು, ಆದರೆ ಅದು ಇನ್ನೂ ಸಕ್ರಿಯ ಕ್ಷಯವೋ ಹಳೆಯ ಕಲೆಯೋ ಗೆಡ್ಡೆಯೋ ಎಂದು ತೀರ್ಮಾನಿಸಲು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಆ ಮಾದರಿ ತೆಗೆಯಲು ಎಲ್ಲಿಗೆ, ಯಾವ ಕವಲಿನ ಮೂಲಕ ಹೋಗಬೇಕೆಂಬ ನಕ್ಷೆಯನ್ನು ಸಿ.ಟಿ. ಕೊಡುತ್ತದೆ, ಈಗಿನ ನ್ಯಾವಿಗೇಷನ್ ಬ್ರಾಂಕೋಸ್ಕೋಪಿಗಳು ನಡೆಯುವುದೇ ಈ ನಕ್ಷೆಯ ಮೇಲೆ.

ಕೊನೆಗೆ ರೋಗಿಗಳಿಗೂ ಅವರನ್ನು ಕಳಿಸುವ ವೈದ್ಯರಿಗೂ ಒಂದು ಕೋರಿಕೆ. ಚೀಟಿಯಲ್ಲಿ ‘ತ್ರೀಡಿ’ ಎಂದು ಬರೆಯುವುದರ ಬದಲು, ವೆಂಟಿಲೇಟರ್ ಮೇಲೆ ಇದ್ದರೋ, ಯಾವಾಗ, ಎಷ್ಟು ದಿನ, ಉಸಿರೆಳೆಯುವಾಗ ಸದ್ದೋ ಬಿಡುವಾಗ ಸದ್ದೋ, ಮಗು ಏನನ್ನು ತಿನ್ನುತ್ತಿತ್ತು ಎಂಬುದನ್ನು ಬರೆದರೆ ಸ್ಕ್ಯಾನ್ ತೆಗೆಯುವ ಕ್ರಮವೇ ಬದಲಾಗುತ್ತದೆ, ಉಸಿರು ಬಿಡಿಸಿ ತೆಗೆಯಬೇಕೆಂಬುದು ರೋಗಿ ಮೇಜಿನ ಮೇಲಿರುವಾಗಲೇ ನಮಗೆ ಹೊಳೆಯುತ್ತದೆ. ಇನ್ನು ದೊಡ್ಡ ಲಕೋಟೆಯಲ್ಲಿ ಕೊಡುವ ಫಿಲ್ಮು ಮತ್ತು ಬಣ್ಣದ ಪುಟಗಳು ಆಯ್ದ ಕೆಲವು ಚಿತ್ರಗಳಷ್ಟೇ. ಬೇರೆ ಊರಿನ ಶಸ್ತ್ರವೈದ್ಯರು ಅವುಗಳನ್ನು ಹಿಡಿದು ತಮಗೆ ಬೇಕಾದ ಕೋನದಿಂದ ಸೀಳಿ ನೋಡಲಾರರು, ಅಳೆಯಲಾರರು. ತೆಳು ಸ್ಲೈಸುಗಳು ಪೂರ್ತಿಯಾಗಿರುವ ಸಿ.ಡಿ.ಯನ್ನೋ ಪೆನ್ ಡ್ರೈವನ್ನೋ ಅಂದೇ ಕೇಳಿ ಪಡೆದುಕೊಳ್ಳಿ. ಅವು ಜಾಗ ಬಹಳ ತಿನ್ನುವುದರಿಂದ ಹಲವು ಕೇಂದ್ರಗಳಲ್ಲಿ ದಪ್ಪ ಸ್ಲೈಸುಗಳನ್ನಷ್ಟೇ ಉಳಿಸಿಕೊಂಡು ತೆಳುವಾದವನ್ನು ಸ್ವಲ್ಪ ದಿನಗಳಲ್ಲೇ ಅಳಿಸಿಬಿಡುತ್ತಾರೆ; ದಪ್ಪ ಸ್ಲೈಸುಗಳಿಂದ ಕಟ್ಟಿದ ತ್ರೀಡಿ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ, ಅಂತಹ ಸಿ.ಡಿ. ಬಂದರೆ ನಾವು ಮತ್ತೆ ಸ್ಕ್ಯಾನ್ ಮಾಡಿಸಿ ಎಂದೇ ಹೇಳಬೇಕಾಗುತ್ತದೆ.